ಕ್ಲಾಸಿನ ಅರಬ್ಬಿ, ಕೌಂಟರಿನ ಅರಬ್ಬಿ

ವಿದೇಶಾಂಗ ಸೇವೆಗೆ ಸೇರಿದವರು ಒಂದು ಪರಭಾಷೆ ಕಲಿಯಲೇಬೇಕು. ನನಗೆ ಬಂದದ್ದು ಅರಬ್ಬಿ. ಕಲಿಯೋಕೆ ಕೈರೋಗೆ ಕಳಿಸಿದರು.

ಕ್ಲಾಸಿನಲ್ಲಿ ಹೇಳಿಕೊಟ್ಟದ್ದು ಫುಸ್‌ಹಾ, ಅಂದರೆ ಪುಸ್ತಕದ ಅರಬ್ಬಿ. ಪೇಪರು, ಟಿವಿ ಸುದ್ದಿ ಎಲ್ಲ ಅದರಲ್ಲೇ. ಆದರೆ ಅಂಗಡಿಯಲ್ಲಿ ಯಾರೂ ಹಾಗೆ ಮಾತಾಡಲ್ಲ. ಒಂಟೆಗೆ ಪುಸ್ತಕದಲ್ಲಿ 'ಜಮಲ್', ಕೈರೋದವರ ಬಾಯಲ್ಲಿ 'ಗಮಲ್'. ಮುಂದೆ ರಿಯಾದ್‌ಗೆ ಹೋದರೆ ಅಲ್ಲಿಯದು ಇನ್ನೊಂದು ಥರ. ಕಾಫಿ 'ಕಹ್ವಾ' ಅಲ್ಲ, 'ಗಹ್ವಾ'. ಮತ್ತೆ ಮೊದಲಿಂದ ಕಿವಿ ತೆರೆದು ಕೂತೆ.

2013ರಲ್ಲಿ ದಾಖಲೆ ಸರಿಯಿಲ್ಲದ ಕೆಲಸಗಾರರಿಗೆ, ಅದನ್ನ ಸರಿಮಾಡಿಕೊಳ್ಳೋಕೆ ಇಲ್ಲವೇ ದೇಶ ಬಿಡೋಕೆ, ಸೌದಿ ಸರ್ಕಾರ ನವೆಂಬರ್ 3ರ ಗಡುವು ಕೊಟ್ಟಿತ್ತು. ರಿಯಾದ್‌ನ ನಮ್ಮ ರಾಯಭಾರ ಕಚೇರಿಯ ಕೌಂಟರಿನ ಮುಂದೆ ಬೆಳಗಿನಿಂದಲೇ ಸಾಲು. ಒಬ್ಬರು ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಪಾಸ್‌ಪೋರ್ಟ್ ಜೆರಾಕ್ಸ್ ತೆಗೆದರು. ಮಡಿಕೆಯ ಜಾಗದಲ್ಲಿ ಹೆಸರೇ ಅಳಿಸಿಹೋಗಿತ್ತು. ಅಸಲು ಮಾಲೀಕನ ಹತ್ತಿರ. ಇವರ ಮೇಲೆ 'ಹುರೂಬ್' ಬೇರೆ, ಅಂದರೆ ಕೆಲಸ ಬಿಟ್ಟು ಓಡಿಹೋದರು ಅಂತ ಮಾಲೀಕ ಕೊಟ್ಟ ದೂರು. ಊರು ಯಾವುದು ಅಂತ ಕನ್ನಡದಲ್ಲಿ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ ಅವರಿಗೆ. ಆಮೇಲೆ ಕುಂದಾಪುರದ ಕನ್ನಡದಲ್ಲಿ ಹೇಳಿದರು, "ಊರಿಗೆ ಹೋಯ್ಕ್ ಸರ್."

ಅಂಥವರಿಗೆ ನಾವು ಕೊಡುತ್ತಿದ್ದದ್ದು ಔಟ್‌ಪಾಸ್. ಪಾಸ್‌ಪೋರ್ಟ್ ಬದಲಿಗೆ, ಒಂದು ಸಲ ಊರಿಗೆ ಹೋಗೋಕೆ ಮಾತ್ರ ಅದು. ಆದರೆ ಅದಿದ್ದರೆ ಸಾಲದು, ಜವಾಜಾತ್, ಅಂದರೆ ಸೌದಿಯ ಪಾಸ್‌ಪೋರ್ಟ್ ಇಲಾಖೆಯ ಕಚೇರಿಯಲ್ಲಿ ಬೆರಳಚ್ಚು ಆಗಬೇಕು, ಎಕ್ಸಿಟ್ ಅಂದರೆ ದೇಶ ಬಿಡೋ ಅನುಮತಿ ಸಿಗಬೇಕು. ಹೆಸರುಗಳ ಪಟ್ಟಿ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ. ಹೋದ ಕೂಡಲೇ ಫೈಲು ಬಿಚ್ಚಬಾರದು. ಮೊದಲು ಆರೋಗ್ಯ, ಮಕ್ಕಳು, ಮನೆ ಎಲ್ಲ ವಿಚಾರಿಸಬೇಕು. ಗಹ್ವಾ ಬರುತ್ತೆ, ಬಲಗೈಯಲ್ಲೇ ತಗೋಬೇಕು. ಸಾಕು ಅನ್ನೋಕೆ ಬಟ್ಟಲು ಸ್ವಲ್ಪ ಅಲ್ಲಾಡಿಸಿ ಕೊಡಬೇಕು, ಇಲ್ಲದಿದ್ದರೆ ಹಾಕುತ್ತಲೇ ಇರುತ್ತಾರೆ. ಅದಾದ ಮೇಲೆ ಪಟ್ಟಿ. ಅವಸರ ಮಾಡಿದ ದಿನ ಒಂದು ಹೆಸರೂ ಮುಂದೆ ಹೋಗುತ್ತಿರಲಿಲ್ಲ. ಈ ಕೆಲಸಕ್ಕೆ ಬರುವ ಹುಡುಗರಿಗೆ ವ್ಯಾಕರಣಕ್ಕಿಂತ ಮೊದಲು ಇದನ್ನೇ ಹೇಳಿಕೊಡುತ್ತೇನೆ.

ಯಾರಾದರೂ ಅಲ್ಲಿ ತೀರಿಕೊಂಡರೆ ಕೆಲಸ ಇನ್ನೂ ಜಾಸ್ತಿ. ಪೊಲೀಸರ ವರದಿ, ಆಸ್ಪತ್ರೆಯ ವರದಿ, ನಮ್ಮ ಎನ್‌ಒಸಿ. ಊರಿಗೆ ಹೊರಟ ಶವಕ್ಕೂ ಎಕ್ಸಿಟ್ ಬೇಕು. ಅಲ್ಲೇ ಮಣ್ಣು ಮಾಡೋದಾ, ಊರಿಗೆ ತರೋದಾ ಅಂತ ಮನೆಯವರು ಬರೆದುಕೊಡಬೇಕು. ಕರಾವಳಿಯ ಮನೆಗಳಿಗೆ ಆ ಫೋನು ನಾನೇ ಮಾಡುತ್ತಿದ್ದೆ. ಸುದ್ದಿ ಹೇಳಿದ ಫೋನಿನಲ್ಲೇ ಪತ್ರದ ಮಾತು ಎತ್ತುತ್ತಿರಲಿಲ್ಲ. ಅದಕ್ಕೆ ಮರುದಿನ ಬೆಳಿಗ್ಗೆ ಮತ್ತೆ ಮಾಡುತ್ತಿದ್ದೆ.