ಮತ್ತೆ ಮುಖಾಮುಖಿ ಕಾನ್ಫರೆನ್ಸ್‌ಗೆ

ಕೋವಿಡ್ ಕಾಲದಲ್ಲಿ ಪ್ರೋಗ್ರಾಮಿಂಗ್ ಕಾನ್ಫರೆನ್ಸ್‌ಗಳೆಲ್ಲ ಪರದೆಗೆ ಬಂದವು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಮೆರಿಕದ ಕಾನ್ಫರೆನ್ಸ್ ಪೈಕಾನ್ 2020, 2021ರಲ್ಲಿ ಆನ್‌ಲೈನ್. ಬ್ರಸೆಲ್ಸ್‌ನ ಮುಕ್ತ ತಂತ್ರಾಂಶ ಕಾನ್ಫರೆನ್ಸ್ ಫಾಸ್ಡೆಮ್ 2021, 2022ರಲ್ಲಿ ಹಾಗೇ. ಕೂತಲ್ಲೇ ಟಾಕ್ ಕೇಳಬಹುದು, ಖರ್ಚೂ ಇಲ್ಲ. ಎಷ್ಟೋ ಜನಕ್ಕೆ ಅದರಿಂದ ಅನುಕೂಲವೇ ಆಯಿತು. ನನಗೆ ಮಾತ್ರ ಟಾಕ್ ಮುಗಿದ ಕೂಡಲೇ ಟ್ಯಾಬ್ ಮುಚ್ಚಿ ಆಫೀಸ್ ಕೆಲಸಕ್ಕೆ ಇಳಿಯುವುದೇ ಅಭ್ಯಾಸವಾಯಿತು. ಸಮುದಾಯ ಅನ್ನುವುದು ಒಂದು ಹೆಸರುಗಳ ಪಟ್ಟಿಯಾಗಿಬಿಟ್ಟಿತ್ತು.

ಈಗ ಮತ್ತೆ ಖುದ್ದಾಗಿ ಹೋಗುತ್ತಿದ್ದೇನೆ. ಹೋದಾಗ ಕಡಿಮೆ ಟಾಕ್ ಕೇಳುತ್ತೇನೆ. ಹೆಚ್ಚಿನವುಗಳ ವಿಡಿಯೊ ಆಮೇಲೆ ಬರುತ್ತದೆ ಅಲ್ವಾ? ಕಾರಿಡಾರ್‌ನಲ್ಲಿ ಆಡಿದ ಮಾತಿಗೆ ವಿಡಿಯೊ ಇರುವುದಿಲ್ಲ. ಪ್ರೋಗ್ರಾಮರ್ ಎರಿಕ್ ಹೋಲ್ಷರ್ ಹೇಳಿದ 'ಪ್ಯಾಕ್-ಮ್ಯಾನ್ ನಿಯಮ' ನನಗೆ ತುಂಬ ಇಷ್ಟ. ಗುಂಪಾಗಿ ನಿಂತು ಮಾತಾಡುವಾಗ, ಪ್ಯಾಕ್-ಮ್ಯಾನ್ ವಿಡಿಯೊ ಗೇಮ್‌ನ ಬಾಯಿ ತೆರೆದ ಗೊಂಬೆಯ ಹಾಗೆ, ಇನ್ನೊಬ್ಬರು ಬಂದು ಸೇರಿಕೊಳ್ಳುವಷ್ಟು ಜಾಗ ಬಿಟ್ಟಿರಬೇಕು. ಹೊಸಬರು ಸುಮ್ನೆ ಬಂದು ನಿಲ್ಲುತ್ತಾರೆ, ಸ್ವಲ್ಪ ಹೊತ್ತಿಗೆ ಅವರೇ ಪ್ರಶ್ನೆ ಕೇಳುತ್ತಾರೆ.

ನನಗೆ ಜಾಸ್ತಿ ಹುರುಪು ಕೊಟ್ಟಿದ್ದು ಕೊನೆಗೆ ನಡೆಯುವ ಸ್ಪ್ರಿಂಟ್, ಅಂದರೆ ಎಲ್ಲರೂ ಒಟ್ಟಿಗೆ ಕೂತು ಪ್ರಾಜೆಕ್ಟ್‌ಗಳಿಗೆ ಕೋಡ್ ಬರೆಯುವುದು. ದಿನಾಂಕ, ಸಮಯ ನಿಭಾಯಿಸುವ ಒಂದು ಪೈಥಾನ್ ಲೈಬ್ರರಿಗೆ (ಬೇರೆಯವರೂ ಬಳಸುವ ಸಿದ್ಧ ಕೋಡ್) ನಾನು ಕಳಿಸಿದ್ದ ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ, ತಿಂಗಳುಗಟ್ಟಲೆ ಹಾಗೇ ಬಿದ್ದಿತ್ತು. ಆ ಲೈಬ್ರರಿಯನ್ನು ನೋಡಿಕೊಳ್ಳುವ ಮೇಂಟೇನರ್ ಸ್ಪ್ರಿಂಟ್‌ನಲ್ಲಿ ನನ್ನ ಟೇಬಲ್‌ನಲ್ಲೇ ಕೂತಿದ್ದರು. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದರು. ಹಾಳೆಯ ಮೇಲೆ ಒಂದು ಗೆರೆ ಎಳೆದು, "ಅಮೆರಿಕದಂಥ ಕಡೆ ಚಳಿಗಾಲಕ್ಕೆ ಗಡಿಯಾರ ಒಂದು ಗಂಟೆ ಹಿಂದೆ ಹೋಗುವ ರಾತ್ರಿ 1:30 ಎರಡು ಸಲ ಬರುತ್ತೆ. ನಿಮ್ಮ ಕೋಡ್ ಯಾವುದನ್ನು ಹಿಡಿಯುತ್ತೆ?" ಅಂದರು. ಇಂಥದ್ದಕ್ಕೇ ಪೈಥಾನ್ 3.6ರಲ್ಲಿ 'ಫೋಲ್ಡ್' ಅನ್ನುವ ಗುರುತು ಬಂದಿದ್ದು. ಮೊದಲ ಸಲದ 1:30 ಆದರೆ ಅದರ ಬೆಲೆ 0, ಎರಡನೆಯದಾದರೆ 1. ಅದನ್ನು ಪರೀಕ್ಷಿಸುವ ಟೆಸ್ಟ್ (ಕೋಡ್ ಸರಿಯಿದೆಯಾ ಎಂದು ನೋಡುವ ಪುಟ್ಟ ಪ್ರೋಗ್ರಾಂ) ಅನ್ನು ಅಲ್ಲೇ ಇಬ್ಬರೂ ಸೇರಿ ಬರೆದೆವು. ಮೊದಲು ಕೆಂಪು ಬಂತು, ಅಂದರೆ ಟೆಸ್ಟ್ ಫೇಲ್; ಎರಡು ಸಾಲು ತಿದ್ದಿದ ಮೇಲೆ ಹಸಿರು, ಅಂದರೆ ಪಾಸ್. ಸಂಜೆಯೊಳಗೆ ನನ್ನ ಕೋಡ್ ಲೈಬ್ರರಿಗೆ ಮರ್ಜ್ ಆಯಿತು, ಅಂದರೆ ಸೇರಿಕೊಂಡಿತು.

ಆ ಮೇಂಟೇನರ್ ಆನ್‌ಲೈನ್‌ನಲ್ಲಿ ಬರೆಯುತ್ತಿದ್ದ ಚುಟುಕು ಕಾಮೆಂಟ್‌ಗಳನ್ನು ಓದಿ ಸಿಡುಕಿನ ಮನುಷ್ಯ ಅಂದುಕೊಂಡಿದ್ದೆ. ಎದುರಿಗೆ ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರು! ಆಮೇಲಿಂದ ಆ ಪ್ರಾಜೆಕ್ಟ್‌ನಲ್ಲಿ ಬೇರೆಯವರ ಕೋಡನ್ನು ನಾನೂ ರಿವ್ಯೂ ಮಾಡುತ್ತಿದ್ದೇನೆ.

ಸ್ಪ್ರಿಂಟ್‌ಗೆ ಹೋಗುವವರು ಪ್ರಾಜೆಕ್ಟನ್ನು ಮೊದಲೇ ಕ್ಲೋನ್ ಮಾಡಿ (ಅದರ ಪ್ರತಿಯನ್ನು ನಿಮ್ಮ ಕಂಪ್ಯೂಟರ್‌ಗೆ ಇಳಿಸಿಕೊಂಡು), ಟೆಸ್ಟ್‌ಗಳನ್ನು ಒಮ್ಮೆ ಓಡಿಸಿಕೊಂಡು ಹೋಗಿ. ಅಷ್ಟೂ ಜನ ಒಂದೇ ವೈ-ಫೈ ಹಿಡಿದಾಗ ಡೌನ್‌ಲೋಡ್‌ಗೇ ಬೆಳಗಿನ ಹೊತ್ತೆಲ್ಲ ಹೋಗಿಬಿಡುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಕೋಡ್ ನೋಡಲು ಸಿಗುವುದು ಅದೇ ಹೊತ್ತು.