ಮೊಡವೆ ನಿಲ್ಲುವ ಮೊದಲೇ ಗುಳಿ ಮುಚ್ಚಲು ಹೋಗಿದ್ದೆ

ನನಗೆ ಈಗ 32 ವರ್ಷ. ಮೊಡವೆ ಶುರುವಾಗಿದ್ದು ಒಂಬತ್ತನೇ ಕ್ಲಾಸಿನಲ್ಲಿ. "ವಯಸ್ಸಿಗೆ ಬರ್ತಾವ, ವಯಸ್ಸು ದಾಟಿದ್ರ ಹೋಗ್ತಾವ" ಎಂದು ಅವ್ವ ಹೇಳುತ್ತಿದ್ದಳು, ನಾನೂ ಹಾಗೇ ಅಂದುಕೊಂಡಿದ್ದೆ. ವಯಸ್ಸು ದಾಟಿತು, ಮೊಡವೆ ನಿಲ್ಲಲಿಲ್ಲ. ಹೋದ ಮೊಡವೆಗಳೂ ಸುಮ್ನೆ ಹೋಗಲಿಲ್ಲ, ಒಂದೊಂದು ಗುಳಿ ಬಿಟ್ಟು ಹೋದವು.

ನನ್ನಂತೆ ಹಳೆಯ ಗುಳಿಯೂ ಹೊಸ ಮೊಡವೆಯೂ ಒಂದೇ ಮುಖದ ಮೇಲೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಚಿಕಿತ್ಸೆ ಹುಡುಕಲು ಕೂತರೆ ಲೇಸರ್ ಹೆಸರು, ಮಷಿನ್ ಹೆಸರು ಸಾಲುಗಟ್ಟಿ ಬರುತ್ತವೆ. ಯಾವ ಮಷಿನ್ ಒಳ್ಳೆಯದು ಅಂತ ನಾನೂ ಎರಡು ವರ್ಷ ಹುಡುಕಿದೆ. ಆ ಎರಡು ವರ್ಷದಲ್ಲಿ ಹೊಸ ಗುಳಿ ಬೀಳುತ್ತಲೇ ಇದ್ದವು.

ಕೆಲಸ ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ. ಮುಂಗಾರಿನಿಂದ ದೀಪಾವಳಿಯವರೆಗೆ ದಿನವಿಡೀ ಬೈಕಿನ ಮೇಲೆ, ಹೊಲದಿಂದ ಹೊಲಕ್ಕೆ. ಬಿಸಿಲು, ಧೂಳು, ಹೆಲ್ಮೆಟ್ ಪಟ್ಟಿ ಉಜ್ಜುವ ಕಡೆಯೆಲ್ಲ ಬೆವರು. ಚಿಕಿತ್ಸೆ ಆರಿಸುವಾಗ ಈ ಕೆಲಸವೇ ದೊಡ್ಡ ವಿಷಯವಾಯಿತು, ಅದಕ್ಕೇ ಮೊದಲೇ ಹೇಳಿದೆ.

ಮೊದಲು ನಾನು ಮಾಡಿದ ತಪ್ಪುಗಳು. ಗೆಳೆಯನೊಬ್ಬ ಹೇಳಿದ ಅಂತ ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದೆ. ಹಚ್ಚಿದ ವಾರದಲ್ಲೇ ಕಲೆ ತಿಳಿಯಾದವು, ಮುಖ ನುಣುಪಾಯಿತು, ತುಂಬ ಖುಷಿಯಾಯಿತು. ನಾಲ್ಕು ತಿಂಗಳು ಹಚ್ಚಿದೆ. ಬಿಟ್ಟ ಮೇಲೆ ಒಂದೇ ಸಲಕ್ಕೆ ಮುಖದ ತುಂಬ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದವು. ಅದರಲ್ಲಿ ಸ್ಟೆರಾಯ್ಡ್ ಇತ್ತು ಅಂತ ಗೊತ್ತಾಗಿದ್ದು ಆಮೇಲೆ. ಸ್ಟೆರಾಯ್ಡ್ ಕ್ರೀಮ್ ಮೊದಲು ಉರಿಯನ್ನು ಅಡಗಿಸುತ್ತದೆ, ದಿನ ಕಳೆದಂತೆ ಚರ್ಮ ತೆಳುವಾಗುತ್ತದೆ, ಅದರಿಂದಲೇ ಮೊಡವೆ ಏಳುತ್ತವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಅನೇಕ ಕ್ರೀಮ್‌ಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ನನಗೆ ಯಾರೂ ಚೀಟಿ ಕೇಳಲಿಲ್ಲ.

ಎರಡನೆಯದು ಡರ್ಮಾರೋಲರ್. ಸಣ್ಣ ಮುಳ್ಳಿನ ಉರುಳೆ, ಮನೆಯಲ್ಲೇ ಮುಖದ ಮೇಲೆ ಉರುಳಿಸಿದರೆ ಗುಳಿ ತುಂಬುತ್ತದೆ ಅಂತ ವಿಡಿಯೋ ನೋಡಿ ತರಿಸಿದೆ. ಎಡ ಕೆನ್ನೆಯ ಮೇಲೆ ಆಗ ನಾಲ್ಕೈದು ಕೀವಿನ ಮೊಡವೆ ಇದ್ದವು. ಅವುಗಳ ಮೇಲೆಯೇ ಉರುಳಿಸಿದೆ. ಮೂರನೇ ದಿನಕ್ಕೆ ಉರುಳೆ ಹೋದ ದಾರಿಯಲ್ಲೇ ಸಾಲಾಗಿ ಹೊಸ ಮೊಡವೆ. ಒಂದು ಮೊಡವೆಯ ಕೊಳೆಯನ್ನು ನಾನೇ ಮುಳ್ಳಿನಿಂದ ಕೆನ್ನೆಯ ತುಂಬ ಬಿತ್ತಿದ ಹಾಗಾಯಿತು. ಈಗಲೂ ನನ್ನ ಎಡ ಕೆನ್ನೆಯಲ್ಲಿ ಬಲಕ್ಕಿಂತ ಜಾಸ್ತಿ ಗುಳಿ ಇವೆ.

ಮೂರನೆಯದು ತಪ್ಪಾಗುವ ಮೊದಲೇ ತಪ್ಪಿತು. ಒಂದು ಕ್ಲಿನಿಕ್ಕಿಗೆ ಹೋದೆ, ಹೆಸರು ಬೇಡ. ಡಾಕ್ಟರ್ ಸಿಗುವ ಮೊದಲೇ ಒಬ್ಬರು ಕೂರಿಸಿಕೊಂಡು ಆರು ಸಿಟ್ಟಿಂಗ್ ಲೇಸರ್ ಪ್ಯಾಕೇಜ್ ವಿವರಿಸಿದರು. ಇವತ್ತೇ ದುಡ್ಡು ಕಟ್ಟಿದರೆ ಕಡಿಮೆಯಂತೆ. ಆಗ ನನ್ನ ಗದ್ದದ ಮೇಲೆ ಕೀವು ಒಸರುತ್ತಿತ್ತು. ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎದ್ದು ಬಂದೆ.

ಆಮೇಲೆ ಹುಬ್ಬಳ್ಳಿಯಲ್ಲಿ ಒಬ್ಬ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಚರ್ಮರೋಗದಲ್ಲೇ ಎಂ.ಡಿ. ಮಾಡಿದವರು. ಇದನ್ನು ನೋಡಿಕೊಂಡು ಹೋಗಿ, ಬೋರ್ಡಿನ ಮೇಲೆ 'ಸ್ಕಿನ್' ಎಂದು ಬರೆದವರೆಲ್ಲ ಚರ್ಮದ ಡಾಕ್ಟರ್ ಅಲ್ಲ. ದುಡ್ಡಿನ ತೊಂದರೆ ಇದ್ದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇರುತ್ತದೆ.

ಮೇಡಂ ಮಾಡಿದ ಮೊದಲ ಕೆಲಸ, ಮೇಲಿನ ಲೈಟು ಆರಿಸಿ ಪಕ್ಕದಿಂದ ಟಾರ್ಚ್ ಬಿಟ್ಟದ್ದು. ಕೈಯಲ್ಲಿ ಕನ್ನಡಿ ಕೊಟ್ಟರು. ಪಕ್ಕದ ಬೆಳಕಿಗೆ ಗುಳಿಗಳ ನೆರಳು ಬೀಳುತ್ತದೆ, ಆಗ ಯಾವುದು ಗುಳಿ, ಯಾವುದು ಬರೀ ಕಲೆ ಅಂತ ಕಾಣುತ್ತದೆ. ನಾನು ಗುಳಿ ಅಂದುಕೊಂಡಿದ್ದರಲ್ಲಿ ಅರ್ಧದಷ್ಟು ಬರೀ ಕಂದು ಕಲೆ, ಮುಟ್ಟಿದರೆ ಚರ್ಮ ಸಮ. ಮೊಡವೆ ಬರುವುದು ನಿಂತು, ಬಿಸಿಲಿಂದ ಕಾಪಾಡಿಕೊಂಡರೆ ಇವು ತಿಂಗಳುಗಳಲ್ಲಿ ತಾವಾಗಿಯೇ ಮಾಸುತ್ತವೆ. ಇವುಗಳಿಗೆ ಲೇಸರ್ ಬೇಕಿಲ್ಲ.

ಉಳಿದದ್ದು ನಿಜವಾದ ಗುಳಿ. ಅವುಗಳಲ್ಲಿ ಮೂರು ಬಗೆ, ನನ್ನ ಮುಖದಲ್ಲಿ ಮೂರೂ ಇದ್ದವು. ಕಪೋಲದ ಬದಿಯಲ್ಲಿ, ಕಿವಿಯ ಹತ್ತಿರ, ದಬ್ಬಣದಿಂದ ಚುಚ್ಚಿದಂತೆ ಬಾಯಿ ಕಿರಿದು, ಆಳ ಜಾಸ್ತಿ. ಇದಕ್ಕೆ ಐಸ್‌ಪಿಕ್ ಎನ್ನುತ್ತಾರೆ. ಕೆನ್ನೆಯ ಎಲುಬಿನ ಮೇಲೆ ಅಗಲವಾದ, ಅಂಚು ಕತ್ತರಿಸಿದಂತಿರುವ ಗುಳಿ, ಅಮ್ಮ ಬಂದು ಹೋದವರ ಮುಖದಲ್ಲಿ ಇರುತ್ತದಲ್ವಾ, ಹಾಗೆ. ಇದು ಬಾಕ್ಸ್‌ಕಾರ್. ಕೆನ್ನೆಯ ಕೆಳಭಾಗದಲ್ಲಿ ಅಂಚೇ ಇಲ್ಲದ ಉಬ್ಬುತಗ್ಗು. ಇದು ರೋಲಿಂಗ್. ಮೇಡಂ ಎರಡು ಬೆರಳಲ್ಲಿ ಚರ್ಮ ಎಳೆದು ಹಿಡಿದರು, ಉಬ್ಬುತಗ್ಗು ಮಾಯವಾಯಿತು, ಐಸ್‌ಪಿಕ್ ಹಾಗೇ ಉಳಿದವು. ಎಳೆದಾಗ ಸಮನಾಗುವ ಗುಳಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ ಅಂದರು. ಇದನ್ನು ನೀವೂ ಮನೆಯಲ್ಲಿ ಕನ್ನಡಿ ಮುಂದೆ ಮಾಡಿ ನೋಡಬಹುದು.

ಹಾಗಾದರೆ ಲೇಸರ್ ಯಾವಾಗ ಮೇಡಂ ಎಂದು ಕೇಳಿದೆ.

"ಹಳೇ ಗುಳಿ ಎಲ್ಲೂ ಓಡಿ ಹೋಗಂಗಿಲ್ರಿ. ಹೊಸಾವು ಬೀಳೂದು ಮೊದ್ಲ ನಿಲ್ಲಿಸೋಣು" ಎಂದರು.

ಆ ದಿನ ನನಗೆ ಬೇಜಾರಾಗಿತ್ತು. ಗುಳಿಗೆ ಅಂತ ಹೋದವನು ಮೊಡವೆಗೆ ಔಷಧಿ ತೆಗೆದುಕೊಂಡು ಬಂದೆ. ರಾತ್ರಿ ಅಡಾಪಲೀನ್ ಜೆಲ್, ಬೆಳಿಗ್ಗೆ ಬೆಂಜಾಯಿಲ್ ಪೆರಾಕ್ಸೈಡ್, ಜೊತೆಗೆ ಡಾಕ್ಸಿಸೈಕ್ಲಿನ್ ಮಾತ್ರೆ. ಬೆಂಜಾಯಿಲ್ ತಾಗಿದ ಟವೆಲ್ಲು, ದಿಂಬಿನ ಕವರು ಬಣ್ಣ ಕಳೆದುಕೊಳ್ಳುತ್ತವೆ, ಹಾಗಾಗಿ ಬಿಳಿಯವನ್ನೇ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಅಲ್ಲ. ಆಗ ಮಾತ್ರೆ ಬದಲಿಸಿ ಐಸೊಟ್ರೆಟಿನಾಯಿನ್ ಶುರು ಮಾಡಿದರು. ಡಾಕ್ಸಿಸೈಕ್ಲಿನ್ ಜೊತೆ ಇದನ್ನು ತೆಗೆದುಕೊಳ್ಳುವಂತಿಲ್ಲ. ಮೊದಲು ರಕ್ತ ಪರೀಕ್ಷೆ, ಲಿವರ್ ಮತ್ತು ಕೊಬ್ಬಿನ ಅಂಶ ನೋಡಲು. ನಡುವೆ ಮತ್ತೊಮ್ಮೆ. ತುಟಿ ಒಡೆಯುತ್ತದೆ, ವ್ಯಾಸಲೀನ್ ಡಬ್ಬಿ ಜೇಬಿನಲ್ಲೇ ಇರುತ್ತಿತ್ತು. ಈ ಮಾತ್ರೆ ತೆಗೆದುಕೊಳ್ಳುವಾಗ ಹೆಣ್ಣುಮಕ್ಕಳು ಗರ್ಭಿಣಿ ಆಗಲೇಬಾರದು, ನಿಲ್ಲಿಸಿ ಒಂದು ತಿಂಗಳಾಗುವವರೆಗೂ. ಹೊಟ್ಟೆಯ ಮಗುವಿಗೆ ಭಾರೀ ಅಪಾಯ. ರಕ್ತದಾನವೂ ಮಾಡಬಾರದು. ದಯವಿಟ್ಟು ನನ್ನದು ಓದಿ ಅಂಗಡಿಯಿಂದ ತಂದು ನುಂಗಬೇಡಿ.

ಮಾತ್ರೆ ಆರು ತಿಂಗಳು ನಡೆಯಿತು. ಜೊತೆಗೆ ಮೂರು ಅಭ್ಯಾಸ ಬಿಟ್ಟೆ. ಹಣೆಗೆ ಇಳಿಯುವಷ್ಟು ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವುದು, ಉಗುರಲ್ಲಿ ಚಿವುಟುವುದು, ಕಟಿಂಗ್ ಶಾಪಿನಲ್ಲಿ ಬ್ಲೇಡಿನ ಶೇವಿಂಗ್. ಮೊಡವೆಯ ತಲೆ ಕತ್ತರಿಸಿ ಮೇಲೆ ಪಟಿಕ ಉಜ್ಜುವುದನ್ನು ನಾನು ಹತ್ತು ವರ್ಷ ಸಹಿಸಿದ್ದೆ. ಈಗ ಟ್ರಿಮ್ಮರ್ ಅಷ್ಟೇ.

ಮಾತ್ರೆ ನಿಲ್ಲಿಸಿದ ಮೇಲೆ ಗುಳಿಯ ಚಿಕಿತ್ಸೆಗೆ ಎಷ್ಟು ದಿನ ಕಾಯಬೇಕು? ಹಿಂದೆ ಯಾವ ಚಿಕಿತ್ಸೆಗೂ ಆರು ತಿಂಗಳು ಎನ್ನುತ್ತಿದ್ದರು. ಈಗ ಅಷ್ಟು ಕಾಯುವ ಅಗತ್ಯ ಎಲ್ಲದಕ್ಕೂ ಇಲ್ಲ, ಚರ್ಮದ ಮೇಲ್ಪದರ ಪೂರ್ತಿ ತೆಗೆಯುವ ಲೇಸರ್‌ನಂಥ ದೊಡ್ಡವಕ್ಕೆ ಮಾತ್ರ ಜಾಗ್ರತೆ ಬೇಕು ಎಂದು ಮೇಡಂ ಹೇಳಿದರು. ನಾನು ಮೂರು ತಿಂಗಳು ಕಾದೆ. ಮಾತ್ರೆಯ ಭಯಕ್ಕಲ್ಲ, ಮೊಡವೆ ಮತ್ತೆ ಬರುತ್ತದೋ ಇಲ್ಲವೋ ನೋಡಲು. ಈ ಮೂರು ತಿಂಗಳು ನನ್ನ ಇಡೀ ಚಿಕಿತ್ಸೆಯಲ್ಲೇ ಬಹಳ ಮುಖ್ಯ ಎಂದು ಈಗಲೂ ನಂಬುತ್ತೇನೆ.

ಈಗ ಆಯ್ಕೆ. ನನ್ನ ಮುಂದೆ ಇದ್ದದ್ದು ಚರ್ಮವನ್ನು ಚುಕ್ಕೆ ಚುಕ್ಕೆಯಾಗಿ ಸುಡುವ ಫ್ರಾಕ್ಷನಲ್ ಸಿಓಟೂ ಲೇಸರ್, ಸೂಜಿಯ ಜೊತೆ ಆರ್‌ಎಫ್ (ರೇಡಿಯೋ ಫ್ರೀಕ್ವೆನ್ಸಿ) ಶಾಖ ಕೊಡುವ ಮಷಿನ್, ಬರೀ ಸೂಜಿಯ ಮೈಕ್ರೋನೀಡ್ಲಿಂಗ್, ಗುಳಿಯ ಕೆಳಗಿನ ಎಳೆ ಕತ್ತರಿಸುವ ಸಬ್‌ಸಿಷನ್, ಗುಳಿಯೊಳಗೆ ಆಸಿಡ್ ಒತ್ತುವ ಟಿಸಿಎ ಕ್ರಾಸ್. ಲೇಸರ್‌ನಿಂದ ಒಳ್ಳೆಯ ಫಲ ಸಿಗುತ್ತದೆ, ಸುಳ್ಳಲ್ಲ. ಆದರೆ ಅದು ಚರ್ಮದ ಮೇಲಿನಿಂದಲೇ ಸುಟ್ಟು ಕೆಳಗೆ ಇಳಿಯುತ್ತದೆ. ನಮ್ಮಂಥ ಕಂದು ಮೈಬಣ್ಣದವರಿಗೆ ಸುಟ್ಟ ಜಾಗ ಕಪ್ಪಾಗುವ ಸಾಧ್ಯತೆ ಜಾಸ್ತಿ. ಒಂದು ವಾರ ಮುಖ ಊದಿ ಸಿಪ್ಪೆ ಏಳುತ್ತದೆ, ಆಮೇಲೂ ವಾರಗಟ್ಟಲೆ ಬಿಸಿಲು ತಾಗಬಾರದು. ಹೊಲದಲ್ಲಿ ನಿಲ್ಲುವವನಿಗೆ ಅದು ಆಗದ ಮಾತು. ಆರ್‌ಎಫ್‌ನಲ್ಲಿ ಶಾಖ ಹೆಚ್ಚಾಗಿ ಸೂಜಿಯ ತುದಿಯಲ್ಲಿ, ಒಳಗೆ ಬೀಳುವುದರಿಂದ ಕಪ್ಪಾಗುವ ಭಯ ಕಡಿಮೆ, ಆದರೆ ಖರ್ಚು ನನ್ನ ಕೈಗೆ ಮೀರಿದ್ದು.

ಕೊನೆಗೆ ಗುಳಿ ನೋಡಿ ಒಂದೊಂದಕ್ಕೂ ಬೇರೆ ಚಿಕಿತ್ಸೆ ಎಂದು ತೀರ್ಮಾನವಾಯಿತು. ಉಬ್ಬುತಗ್ಗಿಗೆ ಸಬ್‌ಸಿಷನ್, ಚುಚ್ಚಿದಂಥ ಗುಳಿಗೆ ಟಿಸಿಎ ಕ್ರಾಸ್, ಎರಡೂ ಆದ ಮೇಲೆ ಎಲ್ಲ ಕಡೆ ಮೈಕ್ರೋನೀಡ್ಲಿಂಗ್. ಒಂದೇ ಮಷಿನ್ ಮೂರು ಬಗೆಯ ಗುಳಿಗೂ ಸಾಕು ಎಂದು ಯಾರಾದರೂ ಹೇಳಿದರೆ ನಾನಂತೂ ಎರಡು ಸಲ ಯೋಚಿಸುತ್ತೇನೆ.

ಮೊದಲು ಕಿವಿಯ ಪಕ್ಕದ ನಾಲ್ಕೇ ಗುಳಿಗೆ ಕ್ರಾಸ್ ಮಾಡಿಸಿಕೊಂಡು ಪರೀಕ್ಷೆ ನೋಡಿದೆವು. ಕಡ್ಡಿಯ ಚೂಪು ತುದಿಯಲ್ಲಿ ಗಾಢವಾದ ಆಸಿಡ್ ಅದ್ದಿ ಗುಳಿಯ ಒಳಗೆ ಮಾತ್ರ ಒತ್ತುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಅಲ್ಲಿ ಬೆಳ್ಳಗಾಗುತ್ತದೆ. ಚುರ್ ಎಂದು ಉರಿಯುತ್ತದೆ, ತಡೆಯುವಷ್ಟು. ವಾರದಲ್ಲಿ ಹೊಪ್ಪಳೆ ಉದುರಿತು. ಎರಡು ಗುಳಿಯ ಸುತ್ತ ಕಪ್ಪು ಬಳೆಯಂತೆ ಉಳಿಯಿತು, ಮಾಸಲು ಎರಡು ತಿಂಗಳು ಹಿಡಿಯಿತು. ಮುಖದ ತುಂಬ ಮಾಡಿಸಿಕೊಂಡಿದ್ದರೆ? ಆ ನಾಲ್ಕು ಗುಳಿ ನೋಡಿಯೇ ಮೇಡಂ ಮುಂದಿನ ಸಲ ಆಸಿಡ್‌ನ ಗಾಢತೆ ಕಡಿಮೆ ಮಾಡಿದರು. ಈ ಆಸಿಡ್ ಆನ್‌ಲೈನಿನಲ್ಲಿ ಸಿಗುತ್ತದೆ, ಮನೆಯಲ್ಲಿ ಮುಟ್ಟಲೇಬೇಡಿ. ಕೈ ಸ್ವಲ್ಪ ಜಾರಿ ಗುಳಿಯ ಆಚೆ ತಾಗಿದರೂ ಗುಳಿ ಇನ್ನೂ ಅಗಲವಾಗಬಹುದು.

ಸಬ್‌ಸಿಷನ್ ಬೇರೆ ಥರ. ಉಬ್ಬುತಗ್ಗಿನ ಕೆಳಗೆ ನಾರಿನಂಥ ಎಳೆಗಳು ಚರ್ಮವನ್ನು ಕೆಳಗೆ ಜಗ್ಗಿ ಹಿಡಿದಿರುತ್ತವೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸೂಜಿ ಒಳಗೆ ಆಡಿಸಿ ಆ ಎಳೆಗಳನ್ನು ಕತ್ತರಿಸುತ್ತಾರೆ. ನೋವಿಲ್ಲ, ಆದರೆ ಒಳಗೆ ಕರಕರ ಎನ್ನುವ ಸದ್ದು ಕಿವಿಗೆ ಕೇಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ. ಕೆನ್ನೆ ಹತ್ತು ದಿನ ನೀಲಿ, ಆಮೇಲೆ ಹಸಿರು, ಹಳದಿ. ನಾನು ಜನವರಿಯಲ್ಲಿ ಮಾಡಿಸಿಕೊಂಡೆ, ಹೊಲದ ಕೆಲಸ ಕಡಿಮೆ ಇದ್ದಾಗ.

ಮೈಕ್ರೋನೀಡ್ಲಿಂಗ್ ನಾಲ್ಕು ಸಲ, ಸುಮಾರು ಆರು ವಾರಕ್ಕೊಮ್ಮೆ. ಮುಕ್ಕಾಲು ಗಂಟೆ ಮರಗಟ್ಟಿಸುವ ಕ್ರೀಮ್, ಆಮೇಲೆ ಹತ್ತಿಪ್ಪತ್ತು ನಿಮಿಷ ಸೂಜಿ. ಎರಡು ದಿನ ಮುಖ ಬಿಸಿಲಿಗೆ ಸುಟ್ಟಂತೆ ಕೆಂಪು. ಅಡಾಪಲೀನ್ ಮೊದಲೇ ಕೆಲವು ದಿನ ನಿಲ್ಲಿಸಬೇಕು, ಆಮೇಲೆ ಚರ್ಮ ಶಾಂತವಾದ ಮೇಲೆ ಶುರು. ಮೂರನೇ ಸಿಟ್ಟಿಂಗ್‌ಗೆ ಬೆಳಿಗ್ಗೆ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ, ರಜೆ ಹಾಕಿ. ಗದ್ದದ ಮೇಲೆ ಮೂರು ಕೀವಿನ ಮೊಡವೆ ಇದ್ದವು. ಮೇಡಂ ನೋಡಿ, ಇವತ್ತು ಬೇಡ, ಮಾಗಿದ ಮೇಲೆ ಬನ್ನಿ ಎಂದರು. ಕೆನ್ನೆಗಾದರೂ ಮಾಡಿ ಎಂದು ಕೇಳಿಕೊಂಡೆ. ಒಪ್ಪಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ಸಿಟ್ಟಿತ್ತು. ಮನೆಗೆ ಬಂದು ಎಡ ಕೆನ್ನೆಯ ಆ ಸಾಲು ಗುಳಿಗಳನ್ನು ನೋಡಿಕೊಂಡಾಗ ಸಿಟ್ಟು ಇಳಿಯಿತು. ಆ ದಿನ ಫೀಸು ಬಿಟ್ಟು ಕಳಿಸಿದ ಡಾಕ್ಟರ್ ಬಗ್ಗೆ ನನಗೆ ಇವತ್ತಿಗೂ ಗೌರವ.

ಸನ್‌ಸ್ಕ್ರೀನ್ ಬಗ್ಗೆ ಒಂದು ಮಾತು. ಮೊಡವೆ ಏಳುವ ಚರ್ಮಕ್ಕೆ ಜಿಡ್ಡಿನ ಕ್ರೀಮ್ ಆಗುವುದಿಲ್ಲ, ಜೆಲ್ ಥರದ್ದು, ಎಸ್‌ಪಿಎಫ್ 30ಕ್ಕಿಂತ ಮೇಲಿನದು ನೋಡಿ. ಬೆಳಿಗ್ಗೆ ಒಮ್ಮೆ ಹಚ್ಚಿದರೆ ಸಾಲದು, ಬೆವರು ಒರೆಸಿಕೊಂಡ ಮೇಲೆ ಮತ್ತೆ. ಹೊಲದಲ್ಲಿ ನಾನು ಅಗಲ ಅಂಚಿನ ಟೋಪಿಯನ್ನೂ ಹಾಕುತ್ತೇನೆ.

ಶುರುವಿನಿಂದ ಈವರೆಗೆ ಎರಡೂವರೆ ವರ್ಷ. ಎರಡು ಸಬ್‌ಸಿಷನ್, ಮೂರು ಕ್ರಾಸ್, ನಾಲ್ಕು ಮೈಕ್ರೋನೀಡ್ಲಿಂಗ್. ಪ್ರತಿ ತಿಂಗಳು ಒಂದೇ ಕಿಟಕಿಯ ಪಕ್ಕ, ಬೆಳಿಗ್ಗೆ ಅದೇ ಹೊತ್ತಿಗೆ ಫೋಟೋ ತೆಗೆದಿದ್ದೇನೆ, ಇಲ್ಲದಿದ್ದರೆ ಬದಲಾವಣೆ ಗೊತ್ತೇ ಆಗುವುದಿಲ್ಲ. ಕೊನೆಯ ಸಿಟ್ಟಿಂಗ್ ಆಗಿ ನಾಲ್ಕು ತಿಂಗಳವರೆಗೂ ನಿಧಾನವಾಗಿ ತುಂಬುತ್ತಲೇ ಇತ್ತು. ಉಬ್ಬುತಗ್ಗು ಬಹಳ ಇಳಿದಿದೆ. ಚುಚ್ಚಿದಂಥ ಗುಳಿ ಅರ್ಧದಷ್ಟು ಮೇಲೆ ಬಂದಿವೆ. ಪೂರ್ತಿ ಹೋಗುವುದಿಲ್ಲ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಕೆನ್ನೆಯ ಎಲುಬಿನ ಮೇಲಿನ ಏಳೆಂಟು ಬಾಕ್ಸ್‌ಕಾರ್ ಹಾಗೇ ಇವೆ. ಅವುಗಳಲ್ಲಿ ಎರಡನ್ನು ಪಂಚ್ ಮಾಡಿ, ಅಂದರೆ ಗುಳಿಯ ಸುತ್ತ ದುಂಡಗೆ ಕತ್ತರಿಸಿ, ತಳವನ್ನು ಮೇಲೆತ್ತಬಹುದು, ಉಳಿದವುಗಳ ಅಂಚಿಗೆ ಮಾತ್ರ ಲೇಸರ್ ಕೊಡಬಹುದು ಎಂದಿದ್ದಾರೆ.

ಅದಕ್ಕೆ ದೀಪಾವಳಿ ಮುಗಿದ ವಾರಕ್ಕೆ ದಿನ ಗೊತ್ತು ಮಾಡಿದ್ದೆ. ಮೊನ್ನೆ ಗದ್ದದ ಮೇಲೆ ಮತ್ತೆ ಎರಡು ಕೀವಿನ ಮೊಡವೆ ಎದ್ದವು. ಈ ಸಲ ಬಸ್ಸು ಹತ್ತಲಿಲ್ಲ. ಫೋನ್ ಮಾಡಿ ನಾನೇ ಮುಂದೆ ಹಾಕಿಸಿದೆ.