ಅಸೀಲ್ ಕೋಳಿಯ ತಳಿ ಕೆಡದಂತೆ ಬೆಳೆಸುವುದು ಹೇಗೆ?

ಕೆಲವು ವರ್ಷದ ಹಿಂದೆ, ಯುಗಾದಿ ಮುಗಿದ ವಾರ. ಗಂಗಾವತಿ ಕಡೆಯ ನಮ್ಮ ಹೊಲದ ಮನೆಯಲ್ಲಿ ಒಂದೇ ರಾತ್ರಿ ಆರು ಅಸೀಲ್ ಕೋಳಿ ಸತ್ತವು. ಬೀದಿನಾಯಿಗಳು ಗೂಡಿನ ಜಾಲರಿಯ ಕೆಳಮೂಲೆ ಹರಿದು ಒಳಗೆ ನುಗ್ಗಿದ್ದವು. ಒಂದು ಕೋಳಿಯನ್ನೂ ತಿಂದಿರಲಿಲ್ಲ, ಸುಮ್ನೆ ಕಚ್ಚಿ ಎಸೆದಿದ್ದವು. ಉಳಿದದ್ದು ಒಂದು ಎಳೆ ಹುಂಜ, ಮೂರು ಹೇಂಟೆ. ನಾಲ್ಕೂ ಒಂದೇ ತಂದೆ-ತಾಯಿಯ ಮರಿಗಳು. ಬೇರೆ ಹುಂಜ ಹುಡುಕುವ ತಾಳ್ಮೆ ನನಗಿರಲಿಲ್ಲ, ಅವನ್ನೇ ಜೋಡಿ ಮಾಡಿದೆ. ಮುಂದಿನ ವರ್ಷ 24 ಮೊಟ್ಟೆ ಕಾವಿಗೆ ಇಟ್ಟರೆ ಹೊರಬಂದದ್ದು 11 ಮರಿ, ಅದರಲ್ಲಿ ಎರಡಕ್ಕೆ ಕೊಕ್ಕು ಕತ್ತರಿಯ ಹಾಗೆ ಓರೆ.

ಅವತ್ತು ನನಗೆ ತಿಳಿದದ್ದು ಇಷ್ಟು: ಸಣ್ಣ ಹಿಂಡಿನಲ್ಲಿ ನಾಯಿಯ ಹಾವಳಿಯೂ ಓರೆ ಕೊಕ್ಕೂ ಬೇರೆ ಬೇರೆ ತೊಂದರೆಗಳಲ್ಲ. ಒಂದು ಹುಂಜ ಸತ್ತರೆ ರಕ್ತದ ಒಂದು ಸಾಲೇ ಹೋಗುತ್ತದೆ, ಉಳಿದವು ತಮ್ಮತಮ್ಮಲ್ಲೇ ಕೂಡುತ್ತವೆ, ಒಳಗೆ ಅಡಗಿದ್ದ ದೋಷ ಹೊರಗೆ ಬರುತ್ತದೆ. ಹಾಗಾಗಿ ತಳಿಯ ಕೆಲಸ ಮತ್ತು ಗೂಡಿನ ಕೆಲಸ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ಮೊದಲು ಹಕ್ಕಿ ಆರಿಸಿ

ಅಸೀಲ್ ಅನ್ನುವ ಹೆಸರಿನ ಅರ್ಥವೇ ಅಸಲಿ, ಶುದ್ಧ. ನೆಟ್ಟಗೆ ನಿಲ್ಲುವ ಮೈ, ಉದ್ದ ಕುತ್ತಿಗೆ, ಗಟ್ಟಿ ಕಾಲು, ಮೈಗೆ ಅಂಟಿದ ಗಡುಸು ಪುಕ್ಕ. ಚೆನ್ನಾಗಿ ಬೆಳೆದ ಹುಂಜ 4 ಕೆಜಿ ಮುಟ್ಟುತ್ತದೆ. ಇದನ್ನು ಪಂದ್ಯಕ್ಕೆ ಸಾಕುವವರಿದ್ದಾರೆ, ಅದು ಕಾನೂನಿಗೂ ವಿರುದ್ಧ, ಹಕ್ಕಿಗೂ ಹಿಂಸೆ. ನಾನು ಹೇಳುತ್ತಿರುವುದು ತಳಿ ಉಳಿಸುವವರಿಗೆ.

ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ, ಜುಟ್ಟು ನೋಡಿ. ಜವಾರಿ ಕೋಳಿಯ ಜುಟ್ಟು ಸಾಮಾನ್ಯವಾಗಿ ಗರಗಸದ ಹಾಗೆ ಎದ್ದು ನಿಂತಿರುತ್ತದೆ. ಅಸೀಲ್ ಜುಟ್ಟು ಹಾಗಲ್ಲ. ತಲೆಗೆ ಅಂಟಿಕೊಂಡು, ಮೂರು ಸಾಲು ಬಟಾಣಿ ಕಾಳು ಒತ್ತಿ ಇಟ್ಟ ಹಾಗೆ ಇರುತ್ತದೆ. ತೊಂದರೆ ಏನಂದರೆ ಈ ಬಟಾಣಿ ಜುಟ್ಟು ಪ್ರಬಲ ಗುಣ. ಹುಂಜದ ತಂದೆಯೋ ತಾಯಿಯೋ ಬೆರಕೆ ಆಗಿದ್ದರೂ ಅದರ ತಲೆಯ ಮೇಲೆ ಬಟಾಣಿ ಜುಟ್ಟೇ ಕಾಣುತ್ತದೆ. ಗರಗಸ ಜುಟ್ಟು ಒಳಗೆ ಅಡಗಿರುತ್ತದೆ. ಅಂಥ ಎರಡು ಕೂಡಿದಾಗ ಸುಮಾರು ನಾಲ್ಕರಲ್ಲಿ ಒಂದು ಮರಿಗೆ ಗರಗಸ ಜುಟ್ಟು ಬರುತ್ತದೆ.

ಇದನ್ನು ಪರೀಕ್ಷೆ ಮಾಡುವುದು ಸುಲಭ. ಹುಂಜವನ್ನು ಗರಗಸ ಜುಟ್ಟಿನ ಒಂದು ಜವಾರಿ ಹೇಂಟೆಯ ಜೊತೆ ಬೇರೆ ಬಿಡಿ. ಹುಂಜ ಬೆರಕೆಯಾಗಿದ್ದರೆ ಅರ್ಧದಷ್ಟು ಮರಿಗೆ ಗರಗಸ ಜುಟ್ಟು ಬರಬೇಕು. ಏಳು ಮರಿ ಆಗಿ ಏಳಕ್ಕೂ ಗರಗಸ ಬರದಿದ್ದರೆ, ಬೆರಕೆ ಹುಂಜ ನಿಮ್ಮ ಕಣ್ಣು ತಪ್ಪಿಸಿರುವ ಸಾಧ್ಯತೆ 128ಕ್ಕೆ 1 ಮಾತ್ರ. ಆ ಮರಿಗಳು ಅಡುಗೆಗೆ ಆಗುತ್ತವೆ, ತಳಿಗೆ ಸೇರಿಸಬೇಡಿ. ಇದು ಹೇಳುವುದು ಜುಟ್ಟಿನ ವಿಷಯ ಒಂದನ್ನೇ ಅನ್ನುವುದೂ ನೆನಪಿರಲಿ. ಆದರೂ ಹುಂಜಕ್ಕೆ ಸಾವಿರಾರು ರೂಪಾಯಿ ಕೊಡುವವರು ಇಷ್ಟಾದರೂ ಮಾಡಬೇಕು ಅಲ್ವಾ?

ಕಡಕನಾಥ ಕೊಳ್ಳುವವರಿಗೂ ಒಂದು ಮಾತು. ಮಧ್ಯಪ್ರದೇಶದ ಝಾಬುವಾದ ಈ ಕಪ್ಪು ಕೋಳಿಯ ಮಾಂಸಕ್ಕೆ 2018ರಲ್ಲಿ ಜಿಐ ಟ್ಯಾಗ್ (ಇಂಥ ಊರಿನದು ಅನ್ನುವ ಸರ್ಕಾರಿ ಗುರುತು) ಸಿಕ್ಕಿತು, ಆಮೇಲೆ ಹೆಸರಿಗೇ ಬೆಲೆ ಬಂದುಬಿಟ್ಟಿತು. ಇದರ ಕಪ್ಪು ಕೂಡ ಪ್ರಬಲ ಗುಣ, ಹಾಗಾಗಿ ಬೆರಕೆ ಮರಿಗಳೂ ಕಪ್ಪಾಗಿ ಹುಟ್ಟಬಹುದು. ಪುಕ್ಕ ಒಂದನ್ನೇ ನೋಡದೆ ಬಾಯಿ ತೆಗೆಸಿ ನಾಲಿಗೆ ನೋಡಿ, ಜುಟ್ಟು, ಚರ್ಮ, ಉಗುರು ನೋಡಿ. ಇನ್ನು ಕಪ್ಪು ಮೊಟ್ಟೆ ಅಂತ ಯಾರಾದರೂ ಮಾರಲು ಬಂದರೆ ನಂಬಬೇಡಿ, ಕಡಕನಾಥದ ಮೊಟ್ಟೆ ತಿಳಿ ಕಂದು. ಗಿರಿರಾಜ, ಸ್ವರ್ಣಧಾರಾ ಒಳ್ಳೆಯ ಹಕ್ಕಿಗಳೇ, ಆದರೆ ಅವು ಬೇರೆ ಬೇರೆ ಸಾಲು ಕೂಡಿಸಿ ಮಾಡಿದವು. ಮನೆಯಲ್ಲಿ ಮರಿ ಮಾಡಿದರೆ ಮರಿಗಳು ತಾಯಿಯಂತೆ ಬರುವುದಿಲ್ಲ.

ಮೂರು ಗುಂಪು, ಮೂರು ಬಣ್ಣ

ಒಡಹುಟ್ಟಿದ ಎರಡನ್ನು ಕೂಡಿಸಿದರೆ, ಅಥವಾ ತಂದೆ ಹುಂಜವನ್ನು ಮಗಳ ಮೇಲೆ ಬಿಟ್ಟರೆ, ಮರಿಯಲ್ಲಿ ಒಳಸಂಬಂಧದ ಪ್ರಮಾಣ (ತಂದೆ-ತಾಯಿ ಎರಡರಿಂದಲೂ ಒಂದೇ ಪೂರ್ವಜರ ಗುಣ ಬಂದು ಸೇರುವ ಸಾಧ್ಯತೆ) ಶೇ 25. ತಂದೆ ಒಂದೇ, ತಾಯಿ ಬೇರೆ ಆದರೆ ಶೇ 12.5. ಒಂದು ಸಲ ಮಾಡಿದರೆ ಮೇಲೆ ಏನೂ ಕಾಣದೆ ಇರಬಹುದು. ವರ್ಷ ವರ್ಷ ಮಾಡಿದರೆ ಮೊಟ್ಟೆ ಕಡಿಮೆ ಆಗುತ್ತದೆ, ಮರಿ ಚಿಪ್ಪಿನಲ್ಲೇ ಸಾಯುತ್ತದೆ, ಉಳಿದವಕ್ಕೂ ರೋಗ ತಡೆಯುವ ಶಕ್ತಿ ಇರುವುದಿಲ್ಲ.

ಇದಕ್ಕೆ ನಾನು ಮಾಡುತ್ತಿರುವುದು ಹೀಗೆ. ಬೇರೆ ಬೇರೆ ಊರಿಂದ ತಂದ, ಸಂಬಂಧವಿಲ್ಲದ ಮೂರು ಗುಂಪು. ಕೆಂಪು, ನೀಲಿ, ಹಳದಿ. ಒಂದೊಂದರಲ್ಲಿ ಒಂದು ಹುಂಜ, ನಾಲ್ಕೈದು ಹೇಂಟೆ. ಅಸೀಲ್ ಭಾರದ ಹಕ್ಕಿ, ಒಂದು ಹುಂಜಕ್ಕೆ ಹತ್ತು ಹೇಂಟೆ ಕೊಟ್ಟರೆ ಬರಡು ಮೊಟ್ಟೆ ಜಾಸ್ತಿ. ಹೆಣ್ಣು ಮರಿ ತಾಯಿಯ ಗುಂಪಿನಲ್ಲೇ ಉಳಿಯುತ್ತದೆ. ಗಂಡು ಮರಿ ಮಾತ್ರ ಮನೆ ಬದಲಿಸುತ್ತದೆ: ಕೆಂಪಿನ ಹುಂಜ ನೀಲಿಗೆ, ನೀಲಿಯದು ಹಳದಿಗೆ, ಹಳದಿಯದು ಕೆಂಪಿಗೆ. ದಿಕ್ಕು ಯಾವತ್ತೂ ಬದಲಾಗಬಾರದು. ಕಾಲಿಗೆ ಆಯಾ ಬಣ್ಣದ ಕೇಬಲ್ ಟೈ ಹಾಕಿ. ಬೆಳೆಯುವ ಮರಿಗೆ ಅದನ್ನು ಎರಡು ವಾರಕ್ಕೊಮ್ಮೆ ಬದಲಿಸಿ, ಇಲ್ಲಾಂದ್ರೆ ಕಾಲಿಗೆ ಕಚ್ಚಿ ಗಾಯ ಮಾಡುತ್ತದೆ. ಒಂದು ನೋಟ್‌ಬುಕ್ ಇಡಿ. ಯಾವ ಗುಂಪು, ಎಷ್ಟು ಮೊಟ್ಟೆ, ಎಷ್ಟು ಮರಿ, ಏನು ದೋಷ. ನನ್ನದು ಮಗಳ ಹಳೆಯ ಲೆಕ್ಕದ ಪುಸ್ತಕ, ಅದಿಲ್ಲದಿದ್ದರೆ ಎರಡನೇ ವರ್ಷಕ್ಕೇ ಎಲ್ಲ ಕಲಸಿ ಹೋಗುತ್ತಿತ್ತು.

ಹುಂಜ ಬದಲಿಸಿದ ಮರುದಿನವೇ ಮೊಟ್ಟೆ ಆರಿಸಬೇಡಿ. ಹಳೆಯ ಹುಂಜದ ವೀರ್ಯ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರದ ಮೇಲೂ ಉಳಿಯುತ್ತದೆ. ಮೂರು ವಾರದ ಮೊಟ್ಟೆ ತಿಂದುಬಿಡಿ, ನಾಲ್ಕನೇ ವಾರದಿಂದ ಕಾವಿಗೆ ಎತ್ತಿಡಿ.

ಕಾವು ಕೂರಿಸುವುದು

ನಮ್ಮ ಕಡೆ ಬೇಸಿಗೆಯಲ್ಲಿ ಕಾವು ಕೂರಿಸಬೇಡಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ರಾಯಚೂರು, ಬಳ್ಳಾರಿ, ಕೊಪ್ಪಳದಲ್ಲಿ ಏಪ್ರಿಲ್-ಮೇ ಬಿಸಿಲಿಗೆ ಮೊಟ್ಟೆ ಬುಟ್ಟಿಯಲ್ಲಿದ್ದಾಗಲೇ ಒಳಗೆ ಅರೆಬರೆ ಬೆಳೆಯಲು ಶುರು ಮಾಡಿ ಸಾಯುತ್ತದೆ. ದಸರಾದಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಮೊಟ್ಟೆಯ ಚೂಪು ತುದಿ ಕೆಳಗೆ ಮಾಡಿ, ಏಳು ದಿನಕ್ಕಿಂತ ಹೆಚ್ಚು ಇಡಬೇಡಿ. ಫ್ರಿಜ್ ಬೇಡ, ಅಷ್ಟು ತಂಪು ಆಗದು. ಅಗಲ ಬುಟ್ಟಿಯಲ್ಲಿ ಒದ್ದೆ ಮರಳು ಹಾಕಿ ಅದರಲ್ಲಿ ಮಣ್ಣಿನ ಗಡಿಗೆ ಹೂತು, ಗಡಿಗೆಯೊಳಗೆ ಒಣ ಬಟ್ಟೆಯ ಮೇಲೆ ಮೊಟ್ಟೆ ಇಟ್ಟರೆ ಸಾಕು.

ಅಸೀಲ್ ಹೇಂಟೆ ಒಳ್ಳೆಯ ತಾಯಿ, ಆದರೆ ಭಾರ ಜಾಸ್ತಿ, ಪುಕ್ಕ ಕಡಿಮೆ. ಎಂಟಕ್ಕಿಂತ ಹೆಚ್ಚು ಮೊಟ್ಟೆ ಕೊಡಬೇಡಿ. ಜವಾರಿ ಹೇಂಟೆ ಕಾವಿಗೆ ಬಂದಿದ್ದರೆ ಅದಕ್ಕೆ 10-12 ಕೊಡಬಹುದು. ಆದರೆ ಒಂದು ಹೇಂಟೆಯ ಅಡಿಯಲ್ಲಿ ಒಂದೇ ಗುಂಪಿನ ಮೊಟ್ಟೆ ಇಡಿ, ಒಡೆದು ಹೊರಬಂದ ಮೇಲೆ ಯಾವುದು ಯಾರ ಮರಿ ಅಂತ ಗೊತ್ತಾಗುವುದಿಲ್ಲ.

ಏಳನೇ ರಾತ್ರಿ ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಜೀವ ಇದ್ದರೆ ನಡುವೆ ಒಂದು ಕಪ್ಪು ಚುಕ್ಕೆ, ಸುತ್ತ ಜೇಡರ ಕಾಲಿನ ಹಾಗೆ ಕೆಂಪು ನರಗಳು. ಚುಕ್ಕೆ ಅಲುಗಾಡುವುದೂ ಕಾಣುತ್ತದೆ. ಬರೀ ತಿಳಿಯಾಗಿದ್ದರೆ ಬರಡು. ನರವಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಇದ್ದರೆ ಶುರುವಲ್ಲೇ ಸತ್ತಿದೆ. ಎರಡನ್ನೂ ತೆಗೆದು ಎಣಿಕೆಯನ್ನು ನೋಟ್‌ಬುಕ್‌ನಲ್ಲಿ ಬರೆಯಿರಿ. ಮರಿ 21ನೇ ದಿನಕ್ಕೆ ಬರುತ್ತದೆ.

ದೋಷ ರಕ್ತದ್ದೋ, ನಮ್ಮದೋ?

ಮರಿಯ ಎಲ್ಲ ಕುಂದೂ ತಳಿಯದಲ್ಲ. ನುಣುಪು ಪೇಪರ್ ಮೇಲೆ ಬಿಟ್ಟ ಮರಿಯ ಕಾಲು ಎರಡು ಕಡೆ ಜಾರುತ್ತದೆ, ಅದು ನೆಲದ ತಪ್ಪು. ಗೋಣಿ ಚೀಲ ಹಾಸಿ, ಎರಡೂ ಕಾಲಿಗೆ ಮೃದು ಪಟ್ಟಿ ಕಟ್ಟಿದರೆ ಮೊದಲ ಎರಡು ಮೂರು ದಿನದಲ್ಲೇ ಸರಿಯಾಗುತ್ತದೆ. ಬೆರಳು ಒಳಗೆ ಮಡಚಿಕೊಂಡು ಮೊಣಕಾಲ ಮೇಲೆ ನಡೆದರೆ ಬಿ2 ವಿಟಮಿನ್ ಕೊರತೆ ಇರಬಹುದು, ಬರೀ ನುಚ್ಚು ಹಾಕುವ ಮನೆಗಳಲ್ಲಿ ಇದು ಜಾಸ್ತಿ.

ಓರೆ ಕೊಕ್ಕು, ಒಂದೇ ಕಡೆ ವಾಲಿದ ಬಾಲ, ಗೂನು ಬೆನ್ನು ಇವುಗಳ ಬಗ್ಗೆ ಮಾತ್ರ ಎಚ್ಚರ. ಒಂದು ಕಾವಿನಲ್ಲಿ ಒಂದು ಮರಿಗೆ ಬಂದರೆ ಕಾವಿನ ಶಾಖ ಹೆಚ್ಚುಕಡಿಮೆ ಆಗಿರಬಹುದು. ಅದೇ ಜೋಡಿಯಿಂದ ಮತ್ತೊಂದು ಕಾವಿನಲ್ಲೂ ಬಂದರೆ ರಕ್ತದಲ್ಲೇ ಇದೆ. ಆಗ ಮರಿಯನ್ನು ಮಾತ್ರವಲ್ಲ, ಆ ತಂದೆ-ತಾಯಿ ಎರಡನ್ನೂ ತಳಿಯಿಂದ ಹೊರಗಿಡಬೇಕು. ಇದು ಕಷ್ಟ. ನನ್ನ ಅತ್ಯಂತ ಚೆಂದದ ಹುಂಜವನ್ನು ಹೀಗೆ ಬಿಟ್ಟೆ, ಹೊಟ್ಟೆ ಉರಿಯಿತು. ಕೂಡಲೇ ಕೊಲ್ಲಬೇಕಿಲ್ಲ, ಮೊಟ್ಟೆಗೋ ಊಟಕ್ಕೋ ಇಟ್ಟುಕೊಳ್ಳಿ. ತಳಿಗೆ ಅಂತ ಮಾತ್ರ ಯಾರಿಗೂ ಮಾರಬೇಡಿ.

ಇನ್ನು ಗಿಡ್ಡ ಕಾಲಿನ ಕುಳ್ಳ ಕೋಳಿ. ನೋಡಲು ಮುದ್ದಾಗಿದೆ ಅಂತ ಎರಡು ಕುಳ್ಳ ಕೋಳಿ ಕೂಡಿಸುತ್ತಾರೆ. ಆ ಗಿಡ್ಡ ಕಾಲಿನ ಗುಣ ತಂದೆ-ತಾಯಿ ಎರಡರಿಂದಲೂ ಬಂದರೆ ಮರಿ ಚಿಪ್ಪಿನಲ್ಲೇ ಸಾಯುತ್ತದೆ, ಅಂದರೆ ಸುಮಾರು ಕಾಲು ಭಾಗ ನಷ್ಟ. ಕುಳ್ಳನಿಗೆ ಸಾಮಾನ್ಯ ಕಾಲಿನ ಜೋಡಿಯನ್ನೇ ಕೊಡಿ.

ಗೂಡು

ಬೆಳಿಗ್ಗೆ ಎದ್ದಾಗ ಕೋಳಿ ಸತ್ತಿದ್ದರೆ ಮೊದಲು ಗುರುತು ನೋಡಿ. ಜಾಲರಿ ಹರಿದು, ತಿನ್ನದೇ ಬಿಟ್ಟ ಹೆಣಗಳಿದ್ದರೆ ನಾಯಿ. ನಮ್ಮಲ್ಲಿ ಇಂಥದಕ್ಕೂ ನಮ್ಮ ತಾಲೂಕಿನ ಬಂಕಾಪುರ ತೋಳಧಾಮದ ತೋಳಗಳ ಮೇಲೆ ದೂರು ಹೇಳುವವರಿದ್ದಾರೆ, ನನ್ನ ಗೂಡಿಗೆ ನುಗ್ಗಿದ್ದು ನಮ್ಮ ಓಣಿಯ ನಾಯಿಗಳೇ. ಮರಿ ಒಂದೊಂದೇ ಸದ್ದಿಲ್ಲದೆ ಕಾಣೆಯಾದರೆ ಹಾವೋ ಬೆಕ್ಕೋ. ಸತ್ತ ಮರಿಯ ತಲೆ ಜೊಲ್ಲಿನಿಂದ ಒದ್ದೆಯಾಗಿದ್ದರೆ ಹಾವು ನುಂಗಲಾಗದೆ ಬಿಟ್ಟಿದೆ. ಗೂಡಿನೊಳಗೆ ಹೊಸ ಬಿಲ ಇದ್ದರೆ ಹೆಗ್ಗಣ. ಮುಂಗುಸಿ ಬರುವುದು ಹಗಲಿನಲ್ಲಿ, ಮನೆಯವರೆಲ್ಲ ಮಲಗಿದ ಮಧ್ಯಾಹ್ನದ ಹೊತ್ತು. ಬಯಲಲ್ಲಿ ಒಂದೇ ಕಡೆ ಪುಕ್ಕ ಕಿತ್ತು ಹರಡಿದ್ದರೆ ಹೆಚ್ಚಾಗಿ ಗಿಡುಗ.

ವಿಷ, ಉರುಲು ಬೇಡವೇ ಬೇಡ. ಮುಂಗುಸಿ, ಕಾಡುಬೆಕ್ಕು, ನರಿ, ಉಡಕ್ಕೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಖರ್ಚನ್ನು ಗೂಡಿಗೆ ಹಾಕಿ. ಕೋಳಿ ಜಾಲರಿ ಅಂತ ಮಾರುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿಸಿ, ಮರಿ ಇರುವ ಕಡೆ ಕಾಲು ಇಂಚಿನದು. ನೆಲಕ್ಕೆ ಫರಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟ್ ತುಂಬಿದರೆ ಹೆಗ್ಗಣ ತೋಡಲಾರದು, ಮೇಲೆ ರೈಸ್ ಮಿಲ್ಲಿನ ಭತ್ತದ ಹೊಟ್ಟು ಹರಡಿ. ಫರಸಿ ಆಗದಿದ್ದರೆ ಮೆಶ್ ಅನ್ನು ಒಂದೂವರೆ ಅಡಿ ಹೊರಕ್ಕೆ ಮಡಚಿ ಮಣ್ಣಲ್ಲಿ ಹೂಳಿ. ನೀರು ಹೋಗುವ ತೂತಿಗೂ ಜಾಲರಿ ಬೇಕು, ಮುಂಗುಸಿ ಅಲ್ಲಿಂದಲೇ ಬರುತ್ತದೆ.

ಸುತ್ತ ಬಳ್ಳಾರಿ ಜಾಲಿಯ ಮುಳ್ಳುಬೇಲಿ ಒಳ್ಳೆಯದೇ, ಆದರೆ ಗೂಡಿಗೆ ತಾಗಿಸಬೇಡಿ. ಆ ಮುಳ್ಳಿನ ಅಡಿಯಲ್ಲೇ ಹಾವು, ಹೆಗ್ಗಣ ಮನೆ ಮಾಡುತ್ತವೆ. ಆರು ಅಡಿ ಬಯಲು ಬಿಡಿ. ಮರಿ ಮೇಯುವ ಅಂಗಳದ ಮೇಲೆ ಹಳೆಯ ಮೀನಿನ ಬಲೆ ಕಟ್ಟಿ. ನಾನು ಮುನಿರಾಬಾದ್ ಕಡೆಯ ಮೀನುಗಾರರಿಂದ ಹರಿದ ಬಲೆ ತಂದೆ, ಅದು ಕಟ್ಟಿದ ಮೇಲೆ ಗಿಡುಗಕ್ಕೆ ಒಂದು ಮರಿಯೂ ಹೋಗಿಲ್ಲ.

ಸಂಜೆ ಬಾಗಿಲು ಹಾಕುವ ಮುಂಚೆ ಎಣಿಸಿ. ನಮ್ಮವ್ವ ದಿನಾ ಕೇಳುತ್ತಾಳೆ, "ಕತ್ತಲಾತಲ್ಲೋ, ಕೋಳಿ ಎಣಿಸಿದೇನು?"

ಕೊನೆಗೆ, ಮೂರು ಗುಂಪನ್ನೂ ಒಂದೇ ಸೂರಿನಡಿ ಇಡಬೇಡಿ. ಒಂದು ರಾತ್ರಿ ನಾಯಿ ನುಗ್ಗಿದರೂ, ಕೊಕ್ಕರೆ ರೋಗ (ರಾಣಿಖೇತ್) ಬಂದರೂ ಎಲ್ಲ ಒಟ್ಟಿಗೆ ಹೋಗುತ್ತದೆ. ಲಸಿಕೆ ಹಾಕಿಸಿದ್ದರೂ ಈ ಎಚ್ಚರ ಬೇಕು. ನನ್ನ ಕೆಂಪು ಗುಂಪು ಸಿಂಧನೂರಿನಲ್ಲಿ ಅಕ್ಕನ ಮನೆಯಲ್ಲಿದೆ. ಈ ದಸರಾಕ್ಕೆ ಇಲ್ಲಿಯ ಹಳದಿ ಟೈ ಹುಂಜ ಅಲ್ಲಿಗೆ, ಅಲ್ಲಿಯ ಕೆಂಪು ಟೈ ಹುಂಜ ನಮ್ಮ ನೀಲಿ ಗೂಡಿಗೆ. ಬಿಸಿಲಿಳಿದ ಮೇಲೆ ಬುಟ್ಟಿಯಲ್ಲಿ ಒಯ್ಯುತ್ತೇವೆ, ಬಂದ ಹುಂಜವನ್ನು ಮೂರು ವಾರ ಬೇರೆ ಕಟ್ಟಿ ಕೆಮ್ಮು, ಭೇದಿ ಏನೂ ಇಲ್ಲ ಅಂತ ನೋಡಿ ಆಮೇಲೆ ಒಳಗೆ ಬಿಡುತ್ತೇವೆ.